ಹೊರದೇಶದಲ್ಲಿ ಬರ್ಗರ್ ಅಂಗಡಿಗೆ ಹೋಗಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷ ಜರ್ಮನಿಯಲ್ಲಿದ್ದು ಈಗ ಶಿವಮೊಗ್ಗಕ್ಕೆ ವಾಪಸಾಗಿದ್ದೇನೆ. ವೀಸಾ ಸಿಕ್ಕಿದವರು ಯಾರಾದರೂ ಮನೆಗೆ ಬಂದರೆ ಕಾಫಿ ಮುಗಿಯುವಷ್ಟರಲ್ಲಿ ಊಟದ ಮಾತಿಗೆ ಬಂದುಬಿಡುತ್ತಾರೆ. "ಅಲ್ಲಿ ಮೆಕ್‌ಡೊನಾಲ್ಡ್ಸ್ ಇರುತ್ತಲ್ವಾ, ಸಾಕು ಬಿಡಿ" ಅನ್ನುವವರು ಅರ್ಧ. "ಅಷ್ಟು ದೂರ ಹೋಗಿ ಅದನ್ನಾ ತಿನ್ನೋದು?" ಅಂತ ಮೂಗು ಮುರಿಯುವವರು ಇನ್ನರ್ಧ. ಹೇಳಿದ್ದನ್ನೇ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟೆ.

ಅಷ್ಟು ದುಡ್ಡು ಕೊಟ್ಟು ಹೋಗಿ ಅದೇ ಬರ್ಗರ್ ಯಾಕೆ ತಿನ್ನಬೇಕು?

ಮೊದಲ ರಾತ್ರಿ ನಿಮಗೇ ಗೊತ್ತಾಗುತ್ತದೆ.

ನಾವು ಬುಡಾಪೆಸ್ಟಿಗೆ ರೈಲಿನಲ್ಲಿ ಇಳಿದಾಗ ರಾತ್ರಿ ಹತ್ತು. ಮಗಳಿಗೆ ನಾಲ್ಕು ವರ್ಷ, ಹಸಿವಿಗೆ ಅಳು. ಹಂಗೇರಿಯನ್ ಭಾಷೆಯ ಬೋರ್ಡು ನೋಡಿದರೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಒಂದು ಹೋಟೆಲಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದೆವು. ಬಿಳಿ ಮೇಜುಬಟ್ಟೆ, ಮೇಣದಬತ್ತಿ. ಎಷ್ಟಾಗುತ್ತದೋ, ಏನು ಕೇಳಬೇಕೋ, ಟಿಪ್ಸ್ ಎಷ್ಟು ಕೊಡಬೇಕೋ. ಸುಮ್ನೆ ತಿರುಗಿ ಬಂದೆವು. ನ್ಯುಗತಿ ರೈಲು ನಿಲ್ದಾಣದ ಪಕ್ಕದಲ್ಲೇ ಮೆಕ್‌ಡೊನಾಲ್ಡ್ಸ್‌ನ ಆ ಹಳದಿ ಕಮಾನು ಹೊಳೆಯುತ್ತಿತ್ತು. ಒಳಗೆ ಪರದೆ ಮುಟ್ಟಿ ಇಂಗ್ಲಿಷ್ ಆರಿಸಿದರೆ ಚಿತ್ರ ಸಮೇತ ಬೆಲೆ ಕಾಣುತ್ತದೆ. ಯಾರೂ ಬಂದು ಮುಖ ನೋಡಿಕೊಂಡು ನಿಲ್ಲುವುದಿಲ್ಲ. ಹತ್ತು ನಿಮಿಷಕ್ಕೆ ಮಗು ನಗುತ್ತಿತ್ತು.

ಅಂದಹಾಗೆ ಆ ಅಂಗಡಿ ನೋಡುವುದಕ್ಕೂ ಚೆನ್ನಾಗಿದೆ. ಪ್ಯಾರಿಸ್ಸಿನ ಗೋಪುರ ಕಟ್ಟಿದ ಐಫೆಲ್ ಅವರ ಕಂಪನಿಯೇ 1877ರಲ್ಲಿ ಕಟ್ಟಿದ ನಿಲ್ದಾಣದ ಭಾಗ ಅದು. ಎತ್ತರದ ಚಾವಣಿ, ಕುಸುರಿ ಕೆಲಸ, ಅದರಡಿ ಪ್ಲಾಸ್ಟಿಕ್ ಟ್ರೇ.

ರುಚಿಗೋಸ್ಕರ ಯಾರೂ ಅಲ್ಲಿಗೆ ಹೋಗುವುದಿಲ್ಲ ಅಂತ ನನ್ನ ಲೆಕ್ಕ. ಹೋಗುವುದು ಧೈರ್ಯಕ್ಕೆ. ಏನು ಮಾಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತಿರುವ ಒಂದೇ ಜಾಗ ಅದು. ನಮ್ಮ ದರ್ಶಿನಿಯಲ್ಲೂ ಹಾಗೇ ಅಲ್ವಾ? ದುಡ್ಡು ಕೊಡು, ಟೋಕನ್ ತಗೋ, ನಿಂತು ತಿನ್ನು, ತಟ್ಟೆ ಇಡು. ಬೇರೆ ಊರಿನ ದರ್ಶಿನಿಗೆ ಮೊದಲ ಸಲ ಹೋದರೂ ತಬ್ಬಿಬ್ಬಾಗುವುದಿಲ್ಲ.

ನಾವು ಪ್ರವಾಸಿಗರು, ಸರಿ. ಆ ದೇಶದವರೇ ಯಾಕೆ ಹೋಗುತ್ತಾರೆ?

ಇದಕ್ಕೆ ಮಾಸ್ಕೋದ ಕಥೆ ಹೇಳಬೇಕು. 1990ರ ಜನವರಿ 31ರಂದು ಪುಷ್ಕಿನ್ ಚೌಕದಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್ ತೆರೆಯಿತು. ಆಗಿನ್ನೂ ಸೋವಿಯತ್ ಒಕ್ಕೂಟ ಇತ್ತು. ಕೊರೆಯುವ ಚಳಿಯಲ್ಲಿ ಸಾಲು ನಿಂತು ಮೊದಲ ದಿನವೇ ಸುಮಾರು 30,000 ಜನ ತಿಂದರು. ಇದನ್ನು ತಂದವರು ಕೆನಡಾದ ಜಾರ್ಜ್ ಕೋಹನ್. ವರ್ಷಗಟ್ಟಲೆ ಮಾತುಕತೆ ನಡೆಸಿದ್ದರು. ಬೇಕಾದ ಗುಣಮಟ್ಟದ ಮಾಂಸ, ಬನ್, ಆಲೂಗಡ್ಡೆ ಅಲ್ಲಿ ಸಿಗುವಂತಿರಲಿಲ್ಲ. ಹಾಗಾಗಿ ಅವನ್ನೆಲ್ಲ ಸಿದ್ಧ ಮಾಡುವ ದೊಡ್ಡ ಕಾರ್ಖಾನೆಯನ್ನೇ ಕಟ್ಟಿದರು. ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಗಿರಾಕಿಯನ್ನು ನೋಡಿ ನಗಬೇಕು ಅಂತಲೂ ಹೇಳಿಕೊಟ್ಟರು. ಸರ್ಕಾರಿ ಅಂಗಡಿಗಳಲ್ಲಿ ಗದರಿಸಿಕೊಂಡೇ ಅಭ್ಯಾಸವಾದವರಿಗೆ ಆ ನಗುವೇ ಹೊಸ ತಿಂಡಿ.

ಚೀನಾದಲ್ಲಿ ಇನ್ನೂ ಮೊದಲು. 1987ರಲ್ಲಿ ಬೀಜಿಂಗಿನ ತಿಯಾನನ್ಮೆನ್ ಚೌಕದ ಹತ್ತಿರ ಕೆಎಫ್‌ಸಿ ಬಂತು. ಜಪಾನಿನಲ್ಲಿ 1971ರಲ್ಲೇ ಟೋಕಿಯೊದ ಗಿಂಜಾದಲ್ಲಿ, ದೊಡ್ಡ ಅಂಗಡಿಯೊಂದರ ನೆಲಮಹಡಿಯಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಿತ್ತು. ಎಲ್ಲ ಕಡೆಯೂ ಜನ ಕೊಂಡದ್ದು ಬರೀ ಬರ್ಗರ್, ಕೋಳಿ ಅಲ್ಲ. ಹೊರಗಿನ ಪ್ರಪಂಚವನ್ನೂ ಒಂದು ತುತ್ತು ಕೊಂಡುಕೊಂಡರು. ಆಮೇಲೆ ಆ ಬೆರಗು ಹೋಯಿತು. ಉಳಿದದ್ದು ಏಸಿ, ಚೊಕ್ಕ ಶೌಚಾಲಯ, ಎಷ್ಟು ಹೊತ್ತು ಕೂತರೂ ಎಬ್ಬಿಸದ ಕುರ್ಚಿ. ಏಷ್ಯಾದ ಎಷ್ಟೋ ನಗರಗಳಲ್ಲಿ ಸಂಜೆ ಹೊತ್ತು ಇಂಥ ಅಂಗಡಿಯಲ್ಲಿ ಒಂದು ಕೋಕ್ ಇಟ್ಟುಕೊಂಡು ಹೋಮ್‌ವರ್ಕ್ ಮಾಡುವ ಮಕ್ಕಳು ಕಾಣುತ್ತಾರೆ. ಮನೆ ಇಕ್ಕಟ್ಟಾದ ಊರಲ್ಲಿ ಅದು ಸಣ್ಣ ವಿಷಯ ಅಲ್ಲ.

ಎಲ್ಲ ದೇಶದಲ್ಲೂ ಒಂದೇ ರುಚಿನಾ?

ಬೋರ್ಡು ಒಂದೇ. ಒಳಗಿನದು ಬೇರೆ ಬೇರೆ.

ಚೀನಾದ ಕೆಎಫ್‌ಸಿಯಲ್ಲಿ ಬೆಳಗ್ಗೆ ಗಂಜಿ ಸಿಗುತ್ತದೆ. ಇಂಗ್ಲಿಷಿನವರು ಅದಕ್ಕೆ ಕಾಂಜಿ ಅನ್ನುತ್ತಾರೆ. ಆ ಪದ ನಮ್ಮ ಗಂಜಿಯ ನೆಂಟನೇ. ಫಿಲಿಪ್ಪೀನ್ಸ್‌ನ ಮೆಕ್‌ಡೊನಾಲ್ಡ್ಸ್‌ನಲ್ಲಿ ಸಿಹಿ ಸಾಸಿನ ಸ್ಪಗೆಟಿ, ಅನ್ನದ ಜೊತೆ ಕೋಳಿ. ಹಾಂಗ್‌ಕಾಂಗ್‌ನಲ್ಲಿ ತಿಂಡಿಗೆ ಸಾರಿನಲ್ಲಿ ಮುಳುಗಿಸಿದ ಪಾಸ್ತಾ. ಪೋರ್ಚುಗಲ್‌ನಲ್ಲಿ ಸೂಪ್. ಜರ್ಮನಿಯ ಕೆಲವು ಅಂಗಡಿಗಳಲ್ಲಿ ಬಿಯರ್. ಮಲೇಶಿಯಾದಲ್ಲಿ ಎಲ್ಲವೂ ಹಲಾಲ್. ಇಸ್ರೇಲಿನಲ್ಲಿ ಯಹೂದಿಗಳ ಕೋಶರ್ ನಿಯಮ ಪಾಲಿಸುವ ಅಂಗಡಿಗಳು ಕೆಲವು, ಪಾಲಿಸದವು ಕೆಲವು.

ಹೆಸರು ಒಂದೇ ಇರುವ ಪದಾರ್ಥದಲ್ಲೂ ವ್ಯತ್ಯಾಸ ಇದೆ. ಬೇರೆ ಬೇರೆ ದೇಶಗಳ ಫಾಸ್ಟ್‌ಫುಡ್ಡಿನ ಉಪ್ಪನ್ನು ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೆಕ್‌ಡೊನಾಲ್ಡ್ಸ್ ಚಿಕನ್ ನಗೆಟ್ಸ್‌ನಲ್ಲಿ ಅಮೆರಿಕದಲ್ಲಿ 100 ಗ್ರಾಮಿಗೆ 1.6 ಗ್ರಾಂ ಉಪ್ಪು, ಬ್ರಿಟನ್ನಿನಲ್ಲಿ 0.6 ಗ್ರಾಂ. ಅದೇ ಕಂಪನಿ, ಅದೇ ಹೆಸರು. ಕಡಿಮೆ ಉಪ್ಪಿನಲ್ಲೂ ಮಾಡಬಹುದು ಅಂತ ಬ್ರಿಟನ್ನಿನ ಅಡುಗೆಮನೆ ತೋರಿಸಿಕೊಟ್ಟಿದೆ.

ಐರ್ಲೆಂಡಿನಲ್ಲಿ ಇನ್ನೊಂದು ತಮಾಷೆ ನಡೆಯಿತು. ಬ್ರೆಡ್ಡಿಗೆ ಅಲ್ಲಿ ತೆರಿಗೆ ಇಲ್ಲ. ಆದರೆ ಬ್ರೆಡ್ ಅನ್ನಿಸಿಕೊಳ್ಳಬೇಕಾದರೆ ಸಕ್ಕರೆ ಹಿಟ್ಟಿನ ತೂಕದ ಶೇ. 2 ಮೀರಬಾರದು. ಸಬ್‌ವೇ ಅನ್ನುವ ಸ್ಯಾಂಡ್‌ವಿಚ್ ಕಂಪನಿಯ ಬ್ರೆಡ್ಡಿನಲ್ಲಿ ಶೇ. 10 ಇತ್ತು. ತೆರಿಗೆಯ ಕಣ್ಣಿಗೆ ಅದು ಬ್ರೆಡ್ಡೇ ಅಲ್ಲ ಅಂತ 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮ ಬೇಕರಿ ಬನ್ನು ಅಲ್ಲಿಗೆ ಹೋದರೂ ಅದೇ ಗತಿ ಅನ್ನಿಸುತ್ತದೆ.

ನಾವು ಸಸ್ಯಾಹಾರಿಗಳು. ಫ್ರೆಂಚ್ ಫ್ರೈಸ್ ಆದರೂ ತಿನ್ನಬಹುದಲ್ಲ?

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮ ಕಣ್ಣು ಹಸಿರು ಚುಕ್ಕೆಗೆ ಒಗ್ಗಿಹೋಗಿದೆ. ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಬರ್ಗರ್ ಡಬ್ಬಿಯವರೆಗೆ ಚುಕ್ಕೆ ನೋಡಿ ಬಾಯಿಗೆ ಹಾಕುತ್ತೇವೆ. ವಿಮಾನ ಹತ್ತಿದ ಮೇಲೆ ಆ ಚುಕ್ಕೆಯ ಕಾಯ್ದೆ ನಡೆಯುವುದಿಲ್ಲ. ಆಲೂಗಡ್ಡೆ ಅಂದರೆ ಆಲೂಗಡ್ಡೆ ಅಷ್ಟೇ ಅಂದುಕೊಂಡು ತಿಂದುಬಿಡುತ್ತೇವೆ.

ಅಮೆರಿಕದ ಮೆಕ್‌ಡೊನಾಲ್ಡ್ಸ್ ಮೊದಲು ಫ್ರೈಸನ್ನು ದನದ ಕೊಬ್ಬಿನಲ್ಲೇ ಕರಿಯುತ್ತಿತ್ತು. 1990ರಲ್ಲಿ ಸಸ್ಯದ ಎಣ್ಣೆಗೆ ಬದಲಾಯಿಸಿದೆವು ಅಂತ ದೊಡ್ಡದಾಗಿ ಹೇಳಿಕೊಂಡಿತು. ಸಸ್ಯಾಹಾರಿಗಳು ನೆಮ್ಮದಿಯಿಂದ ತಿಂದರು. ಆದರೆ ಹಳೇ ರುಚಿ ಬರಲಿ ಅಂತ ಅದಕ್ಕೆ ಬೀಫ್ ಫ್ಲೇವರ್ ಸೇರಿಸುತ್ತಿದ್ದರು. ಪಟ್ಟಿಯಲ್ಲಿ ಬರೀ "ನೈಸರ್ಗಿಕ ಫ್ಲೇವರ್" ಅಂತ ಇರುತ್ತಿತ್ತು. ವಿಷಯ ಹೊರಬಿದ್ದಾಗ 2001ರಲ್ಲಿ ಸಿಯಾಟಲ್‌ನಲ್ಲಿ ಮೊಕದ್ದಮೆ ಹೂಡಿದವರಲ್ಲಿ ಅಲ್ಲಿನ ಹಿಂದೂಗಳೂ ಇದ್ದರು. ಕಂಪನಿ ಕ್ಷಮೆ ಕೇಳಿತು. 2002ರಲ್ಲಿ ಸಸ್ಯಾಹಾರಿ, ಹಿಂದೂ ಮತ್ತು ಇತರ ಸಂಘಟನೆಗಳಿಗೆ ಒಟ್ಟು 1 ಕೋಟಿ ಡಾಲರ್ ಕೊಡಲು ಒಪ್ಪಿತು. ಆದರೆ ಫ್ಲೇವರ್ ತೆಗೆಯಲಿಲ್ಲ. ಈಗ ಅದನ್ನು ಪಟ್ಟಿಯಲ್ಲಿ ಬಿಚ್ಚಿ ಬರೆಯುತ್ತಾರೆ, ಅಷ್ಟೇ.

ಬ್ರಿಟನ್ನಿನ ಫ್ರೈಸಿನಲ್ಲಿ ಇದು ಇಲ್ಲ. ಅಲ್ಲಿ ಧೈರ್ಯವಾಗಿ ತಿನ್ನಬಹುದು. ಜಪಾನಿನಲ್ಲಿ ಪಾಮ್ ಎಣ್ಣೆಯ ಜೊತೆ ದನದ ಕೊಬ್ಬು ಬೆರೆಸಿಯೇ ಕರಿಯುತ್ತಾರೆ. ಇದು ಗೊತ್ತಾಗುವ ಹೊತ್ತಿಗೆ ನಮ್ಮ ಯಜಮಾನರು ಟೋಕಿಯೊದಲ್ಲಿ ಎರಡು ವಾರ ಬರೀ ಫ್ರೈಸ್ ತಿಂದು ಬದುಕಿದ್ದರು. ಇವತ್ತಿಗೂ ಅಮ್ಮನಿಗೆ ಹೇಳಿಲ್ಲ.

ಇನ್ನೂ ಕೆಲವು ಗುಂಡಿಗಳಿವೆ. ಮೇಯೊನೇಸ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಮೊಟ್ಟೆಯಿಲ್ಲದ್ದು ಧಾರಾಳವಾಗಿ ಸಿಗುವುದು ನಮ್ಮ ದೇಶದಲ್ಲಿ. ಕೆಲವು ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಇಟಲಿಯ ಅಸಲಿ ಪಾರ್ಮೆಸಾನ್ ಅದಿಲ್ಲದೆ ಆಗುವುದೇ ಇಲ್ಲ. ಗಿಡಮೂಲದ ಪ್ಯಾಟಿ ಅಂತ ಇದ್ದರೂ ಮಾಂಸದ ಒಲೆಯ ಮೇಲೇ ಬೇಯಿಸಿರಬಹುದು. ಬರ್ಗರ್ ಕಿಂಗ್ ವಿರುದ್ಧ ಅಮೆರಿಕದಲ್ಲಿ 2019ರಲ್ಲಿ ಇದೇ ವಿಷಯಕ್ಕೆ ಮೊಕದ್ದಮೆ ಬಿದ್ದಿತ್ತು. ಕೇಳಿದರೆ ಬೇರೆ ಕಡೆ ಬೇಯಿಸಿಕೊಡುತ್ತಾರೆ, ಆದರೆ ಬಾಯಿಬಿಟ್ಟು ಕೇಳಬೇಕು.

ನನ್ನ ಉಪಾಯ ಇಷ್ಟು. ಹೊರಡುವ ಮೊದಲು ಆಯಾ ದೇಶದ ಕಂಪನಿ ವೆಬ್‌ಸೈಟಿನಲ್ಲಿ ಪದಾರ್ಥಗಳ ಪಟ್ಟಿ ನೋಡಿ. ಆ ದೇಶದ್ದೇ ನೋಡಬೇಕು, ಬೆಂಗಳೂರಿನದ್ದಲ್ಲ. ಅಂಗಡಿಯಲ್ಲಿ "ವೆಜ್ಜಾ?" ಅಂತ ಕೇಳಿದರೆ "ಹೂಂ" ಅನ್ನುತ್ತಾರೆ, ಮೀನು ಇಟ್ಟುಕೊಡುತ್ತಾರೆ. "ಯಾವ ಎಣ್ಣೆ? ಅದೇ ಎಣ್ಣೆಯಲ್ಲಿ ಕೋಳಿ ಕರಿಯುತ್ತೀರಾ?" ಅಂತ ಕೇಳಿ.

ಹಾಗಾದರೆ ನಮ್ಮ ಊರಿನದ್ದು?

ಇಲ್ಲಿ ಭಯ ಬೇಡ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಶುರುವಾದಾಗಿನಿಂದ ದನದ ಮಾಂಸ, ಹಂದಿ ಮಾಂಸ ಎರಡೂ ಇಲ್ಲ. ಸಸ್ಯಾಹಾರದ ಅಡುಗೆಗೆ ಬೇರೆ ಜಾಗ, ಬೇರೆ ಪಾತ್ರೆ. ಆಲೂ ಟಿಕ್ಕಿ ಬರ್ಗರ್ ಹುಟ್ಟಿದ್ದು ಈ ಹೊಂದಾಣಿಕೆಯಿಂದಲೇ. ಮಜಾ ಏನು ಗೊತ್ತಾ? ನನಗೆ ಜರ್ಮನಿಯಲ್ಲಿದ್ದಾಗ ನೆನಪಾಗುತ್ತಿದ್ದ "ಮೆಕ್‌ಡೊನಾಲ್ಡ್ಸ್ ರುಚಿ" ಅಂದರೆ ಆ ಟಿಕ್ಕಿ. ಅಮೆರಿಕದವರಿಗೆ ಅದರ ಗಂಧವೇ ಇಲ್ಲ.

ಜಪಾನಿನಲ್ಲಿ ಕ್ರಿಸ್ಮಸ್‌ಗೆ ಕೆಎಫ್‌ಸಿ ಕೋಳಿ ತಿನ್ನುತ್ತಾರಂತೆ, ನಿಜವಾ?

ನಿಜ. ಕೆಎಫ್‌ಸಿ ಅಲ್ಲಿಗೆ ಹೋದದ್ದು 1970ರಲ್ಲಿ. ಕ್ರಿಸ್ಮಸ್ ಜಾಹೀರಾತು ಶುರು ಮಾಡಿದ್ದು 1974ರಲ್ಲಿ. ಜಪಾನಿನಲ್ಲಿ ಕ್ರೈಸ್ತರು ತೀರಾ ಕಡಿಮೆ. ಹಬ್ಬಕ್ಕೆ ಏನು ಮಾಡಬೇಕು ಅನ್ನುವ ಸಂಪ್ರದಾಯವೇ ಇರಲಿಲ್ಲ. ಆ ಖಾಲಿ ಜಾಗಕ್ಕೆ ಕೋಳಿಯ ಡಬ್ಬ ಬಂದು ಕೂತಿತು. ಈಗ ವಾರಗಟ್ಟಲೆ ಮುಂಚೆ ಬುಕ್ ಮಾಡುತ್ತಾರೆ. ಡಿಸೆಂಬರ್ 24ಕ್ಕೆ ಹೋಗಿ ಕೇಳಿದರೆ ಉದ್ದ ಸಾಲು.

ದುಡ್ಡು ಉಳಿಯುತ್ತದಾ?

ಅಷ್ಟೇನಿಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ ಕಡೆ ಒಂದು ಬರ್ಗರ್ ಮೀಲ್ ತಗೊಂಡು ರೂಪಾಯಿಗೆ ಬದಲಾಯಿಸಿ ನೋಡಿದರೆ ಹೊಟ್ಟೆ ತಾನಾಗೇ ತುಂಬುತ್ತದೆ. ದೇಶ ದೇಶದ ಬೆಲೆ ಹೋಲಿಸಲು ಎಕನಾಮಿಸ್ಟ್ ವಾರಪತ್ರಿಕೆ 1986ರಿಂದ ಬಿಗ್ ಮ್ಯಾಕ್ ಬೆಲೆಯನ್ನೇ ಅಳತೆಗೋಲು ಮಾಡಿಕೊಂಡಿದೆ. ಸ್ವಿಟ್ಜರ್ಲೆಂಡ್ ಹೆಚ್ಚಾಗಿ ಆ ಪಟ್ಟಿಯ ಮೇಲ್ತುದಿಯಲ್ಲೇ. ಜರ್ಮನಿಯಲ್ಲಿ ಟೊಮೆಟೊ ಸಾಸಿಗೂ ಬೇರೆ ದುಡ್ಡು. ಮೊದಲ ಸಲ ಬಿಲ್ ನೋಡಿ ನಮ್ಮ ಮಾವ ಸಾಸನ್ನು ವಾಪಸ್ ಕೊಟ್ಟರು.

ದುಡ್ಡು ಉಳಿಸಬೇಕಾದರೆ ಸೂಪರ್ ಮಾರ್ಕೆಟ್ಟಿನ ಬ್ರೆಡ್ಡು, ಮೊಸರು, ಹಣ್ಣು. ಜರ್ಮನಿಯಲ್ಲಾದರೆ ಟರ್ಕಿಯವರ ಅಂಗಡಿಯ ಫಲಾಫೆಲ್ ರೋಲ್. ಕಡಲೆಯ ವಡೆ ಅದು. ನಮ್ಮ ನಾಲಿಗೆಗೆ ಬರ್ಗರಿಗಿಂತ ಹತ್ತಿರ.

ಶೌಚಾಲಯಕ್ಕೆ ಸುಮ್ನೆ ಹೋಗಬಹುದಾ?

ಯುರೋಪಿಗೆ ಹೋದವರ ಮೊದಲ ಪ್ರಶ್ನೆ ಇದೇ, ನಾಚಿಕೊಂಡು ಕೊನೆಗೆ ಕೇಳುತ್ತಾರೆ. ರೈಲು ನಿಲ್ದಾಣಗಳಲ್ಲಿ ಒಂದು ಯೂರೋ ತನಕ ಕೀಳುತ್ತಾರೆ. ಅದಕ್ಕೇ ಬರ್ಗರ್ ಅಂಗಡಿಯ ಮೇಲೆ ಎಲ್ಲರ ಕಣ್ಣು. ದೊಡ್ಡ ನಗರಗಳಲ್ಲಿ ಅವರೂ ಬುದ್ಧಿವಂತರಾಗಿದ್ದಾರೆ. ಬಾಗಿಲಿಗೆ ನಂಬರ್ ಬೀಗ, ನಂಬರ್ ಇರುವುದು ಬಿಲ್ಲಿನ ಮೇಲೆ. ಒಂದು ಕಾಫಿ ತಗೊಂಡು ಬಿಲ್ ಇಟ್ಟುಕೊಳ್ಳಿ.

ಆಸ್ಟ್ರಿಯಾದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪಾಸ್‌ಪೋರ್ಟ್ ಕಳೆದುಕೊಂಡ ಅಮೆರಿಕನ್ನರು ಯಾವುದೇ ಮೆಕ್‌ಡೊನಾಲ್ಡ್ಸ್‌ಗೆ ಹೋದರೆ ರಾಯಭಾರ ಕಚೇರಿಗೆ ಸಂಪರ್ಕ ಮಾಡಿಸಿಕೊಡುತ್ತಾರೆ. 2019ರಲ್ಲಿ ಆದ ಒಪ್ಪಂದ. ನಮಗೆ ಆ ಭಾಗ್ಯ ಇಲ್ಲ. ಯಾವುದಾದರೂ ದರ್ಶಿನಿಯವರು ಮನಸ್ಸು ಮಾಡಬೇಕು.

ಈ ಬರ್ಗರ್ ಕಂಪನಿಯವರು ಬಂದು ಆಯಾ ಊರಿನ ಊಟ ಹಾಳುಮಾಡಿದರು ಅನ್ನುತ್ತಾರಲ್ಲ?

ಆ ಸಿಟ್ಟು ಎಲ್ಲ ಕಡೆ ಇದೆ. ಅದಕ್ಕೆ ಕಾರಣವೂ ಇದೆ. 1986ರಲ್ಲಿ ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳ ಪಕ್ಕದಲ್ಲೇ ಮೆಕ್‌ಡೊನಾಲ್ಡ್ಸ್ ತೆರೆದಾಗ ಜನ ಬೀದಿಗೆ ಬಂದರು, ಪಾಸ್ತಾ ಹಂಚಿ ಪ್ರತಿಭಟಿಸಿದರು. ಆಯಾ ಊರಿನ ಊಟ ಉಳಿಸಬೇಕು ಅಂತ ಕಾರ್ಲೊ ಪೆಟ್ರಿನಿ ಕಟ್ಟಿದ ಸ್ಲೋ ಫುಡ್ ಚಳವಳಿ ಆ ಗಲಾಟೆಯಿಂದಲೇ ಬೆಳೆಯಿತು. ಅಂಗಡಿ ಈಗಲೂ ಅಲ್ಲೇ ಇದೆ. ಚಳವಳಿಯೂ ಇದೆ. 1999ರಲ್ಲಿ ಫ್ರಾನ್ಸಿನ ಮಿಯೋ ಊರಲ್ಲಿ ರೈತ ನಾಯಕ ಜೋಸೆ ಬೋವೆ ಮತ್ತು ಸಂಗಡಿಗರು ಇನ್ನೂ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಕೆಡವಿದರು. ಆದರೂ ಅಮೆರಿಕದ ಹೊರಗೆ ಆ ಕಂಪನಿಗೆ ಬಲು ದೊಡ್ಡ ಮಾರುಕಟ್ಟೆಗಳಲ್ಲಿ ಫ್ರಾನ್ಸ್ ಒಂದು. ಬಾಯಲ್ಲಿ ಬೈದು ಕೈಯಲ್ಲಿ ತಿನ್ನುವುದು ನಮ್ಮಲ್ಲಿ ಮಾತ್ರ ಅಲ್ಲ.

ನಮ್ಮ ಕಥೆಯೂ ಇದರಲ್ಲಿ ಸೇರಿದೆ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಂದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಕಟುವಾಗಿ ವಿರೋಧಿಸಿತು. 1996ರ ಜನವರಿ 30, ಗಾಂಧೀಜಿ ತೀರಿಕೊಂಡ ದಿನ, ರೈತ ಸಂಘದವರು ಒಳಗೆ ನುಗ್ಗಿ ಅಂಗಡಿ ಪುಡಿ ಮಾಡಿದರು. ನಮ್ಮ ಅಪ್ಪ ಆಗ ಪತ್ರಿಕೆ ಹಿಡಿದು "ಸರಿಯಾಗಿ ಮಾಡಿದರು" ಅಂದಿದ್ದು ನೆನಪಿದೆ. ಹತ್ತು ವರ್ಷದ ಮೇಲೆ ಮೊಮ್ಮಗನ ಹುಟ್ಟುಹಬ್ಬಕ್ಕೆ ಅಂಥದ್ದೇ ಅಂಗಡಿಗೆ ತಾವೇ ಕರೆದುಕೊಂಡು ಹೋದರು.

ಆದರೆ ಸೋತ ಕಥೆಗಳೂ ಕಡಿಮೆ ಇಲ್ಲ. ಇಟಲಿಯ ಆಲ್ತಮೂರಾ ಬ್ರೆಡ್ಡಿಗೆ ಹೆಸರಾದ ಊರು. ಅಲ್ಲಿ ಮೆಕ್‌ಡೊನಾಲ್ಡ್ಸ್ ಹತ್ತಿರವೇ ಒಬ್ಬ ಬೇಕರಿಯವರು ಫೊಕಾಚಾ ಅನ್ನುವ ಚಪ್ಪಟೆ ಬ್ರೆಡ್ಡು ಮಾರುತ್ತಿದ್ದರು. ಜನ ಅತ್ತಲೇ ಹೋದರು. 2002ರಲ್ಲಿ ಮೆಕ್‌ಡೊನಾಲ್ಡ್ಸ್ ಬಾಗಿಲು ಹಾಕಿತು. ಕಲ್ಲು ಹೊಡೆಯದೆ, ಘೋಷಣೆ ಕೂಗದೆ. ಡಾಮಿನೋಸ್ 2015ರಲ್ಲಿ ಪಿಜ್ಜಾದ ತವರಿಗೇ ಹೋಗಿ ಪಿಜ್ಜಾ ಮಾರಲು ಕೂತಿತು. 2022ರಲ್ಲಿ ಗಂಟುಮೂಟೆ ಕಟ್ಟಿತು. ಬೊಲಿವಿಯಾ ಬಿಟ್ಟು ಮೆಕ್‌ಡೊನಾಲ್ಡ್ಸ್ ಹೋದದ್ದು 2002ರಲ್ಲಿ. ಐಸ್‌ಲ್ಯಾಂಡಿನದ್ದು ಬೇರೆ ಥರ. ಪದಾರ್ಥಗಳು ಜರ್ಮನಿಯಿಂದ ಬರಬೇಕಿತ್ತು. 2008ರಲ್ಲಿ ಅಲ್ಲಿನ ಬ್ಯಾಂಕುಗಳು ಮುಳುಗಿ ಹಣದ ಬೆಲೆ ಕುಸಿಯಿತು. 2009ರ ಅಕ್ಟೋಬರ್ ಕೊನೆಗೆ ಮೂರೂ ಅಂಗಡಿ ಮುಚ್ಚಿದವು.

ನನಗೆ ಇಷ್ಟವಾದ ಕಥೆ ಫಿಲಿಪ್ಪೀನ್ಸ್‌ನದ್ದು. 1975ರಲ್ಲಿ ಐಸ್‌ಕ್ರೀಂ ಅಂಗಡಿಯಾಗಿ ಶುರುವಾದದ್ದು ಆಮೇಲೆ ಜಾಲಿಬಿ ಆಯಿತು. ಅಮೆರಿಕದವರಿಂದ ಕೆಲಸದ ರೀತಿ ಕಲಿತರು, ರುಚಿ ತಮ್ಮದೇ ಇಟ್ಟುಕೊಂಡರು. ಮೆಕ್‌ಡೊನಾಲ್ಡ್ಸ್ 1981ರಲ್ಲಿ ಬಂದರೂ ಅಲ್ಲಿ ಜಾಲಿಬಿಯನ್ನು ಮೀರಿಸಲಾಗಿಲ್ಲ. ಈಗ ಜಾಲಿಬಿ ಅಮೆರಿಕದಲ್ಲೇ ಅಂಗಡಿ ತೆರೆದಿದೆ. ಫಿಲಿಪ್ಪೀನ್ಸ್‌ನ ನರ್ಸುಗಳು ಎಲ್ಲಿದ್ದಾರೋ ಅಲ್ಲಿ ಸಾಲು.

ನಿಜವಾಗಿ ಪೆಟ್ಟು ಬೀಳುವುದು ರುಚಿಗಲ್ಲ, ಜಾಗಕ್ಕೆ ಅನ್ನಿಸುತ್ತದೆ. ಒಳ್ಳೆಯ ಮೂಲೆಯ ಬಾಡಿಗೆ ದೊಡ್ಡ ಕಂಪನಿ ಮಾತ್ರ ಕೊಡಬಲ್ಲದು. ಅಲ್ಲಿದ್ದ ಸಣ್ಣ ಅಂಗಡಿ ಗಲ್ಲಿಯೊಳಗೆ ಸರಿಯುತ್ತದೆ. ಪ್ರವಾಸಿಗೆ ಗಲ್ಲಿ ಕಾಣುವುದಿಲ್ಲ.

ನಾವು ಕೊಡುವ ದುಡ್ಡು ಅಮೆರಿಕಕ್ಕೇ ಹೋಗುತ್ತದಾ?

ಒಂದು ಪಾಲು ಹೋಗುತ್ತದೆ. ಮೆಕ್‌ಡೊನಾಲ್ಡ್ಸ್‌ನ ನೂರಕ್ಕೆ ಸುಮಾರು 95 ಅಂಗಡಿಗಳು ಫ್ರಾಂಚೈಸಿಯವು. ಅಂಗಡಿ ಸ್ಥಳೀಯರದ್ದು, ಹೆಸರಿಗೆ ರಾಯಲ್ಟಿ, ಎಷ್ಟೋ ಕಡೆ ಜಾಗಕ್ಕೆ ಬಾಡಿಗೆ ಕಂಪನಿಗೆ. ಆದ್ದರಿಂದ ದೇಶದೇಶಗಳ ಜಗಳ ಬಂದಾಗ ಪೆಟ್ಟು ತಿನ್ನುವವರು ಸ್ಥಳೀಯರು. ಗಾಜಾ ಯುದ್ಧ ಶುರುವಾದ ಮೇಲೆ ಮಲೇಶಿಯಾ, ಇಂಡೋನೇಶಿಯಾದಲ್ಲಿ ಬಹಿಷ್ಕಾರದಿಂದ ವ್ಯಾಪಾರ ಬಿತ್ತು. ಉಕ್ರೇನ್ ಯುದ್ಧವಾದಾಗ 2022ರಲ್ಲಿ ಮೆಕ್‌ಡೊನಾಲ್ಡ್ಸ್ ರಷ್ಯಾ ಬಿಟ್ಟಿತು. ಅವೇ ಅಂಗಡಿಗಳು ಹೆಚ್ಚುಕಡಿಮೆ "ರುಚಿ, ಅಷ್ಟೇ" ಅನ್ನುವ ಅರ್ಥದ ಹೊಸ ಹೆಸರಿನಲ್ಲಿ ಅದೇ ವರ್ಷದ ಜೂನ್‌ನಲ್ಲಿ ಮತ್ತೆ ತೆರೆದವು. 1990ರಲ್ಲಿ ಸಾಲು ನಿಂತಿದ್ದ ಪುಷ್ಕಿನ್ ಚೌಕದ ಅಂಗಡಿಯೂ ಅದರಲ್ಲಿ ಒಂದು.

ಓದಲು ಹೋಗುವ ಮಗ ಅಲ್ಲಿ ಪಾರ್ಟ್ ಟೈಮ್ ಕೆಲಸ ಮಾಡಬಹುದಾ?

ದೇಶ ನೋಡಿ. ಬ್ರಿಟನ್ನಿನಲ್ಲಿ ಡಿಗ್ರಿ ಓದುವವರಿಗೆ ಸಾಮಾನ್ಯವಾಗಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಸಾಮಾನ್ಯವಾಗಿ ಕ್ಯಾಂಪಸ್ ಹೊರಗೆ ಇಂಥ ಕೆಲಸ ಮಾಡುವ ಹಾಗಿಲ್ಲ, ಕದ್ದು ಮಾಡಿದರೆ ವೀಸಾ ಹೋಗುತ್ತದೆ. ಸಂಬಳವೂ ಅಷ್ಟೇ, ಆ ದೇಶದ ಕಾಯ್ದೆ ಮತ್ತು ಸಂಘದ ಬಲದ ಮೇಲೆ. ಡೆನ್ಮಾರ್ಕಿನಲ್ಲಿ ಮೆಕ್‌ಡೊನಾಲ್ಡ್ಸ್ ಮೊದಮೊದಲು ಕಾರ್ಮಿಕ ಸಂಘದ ಒಪ್ಪಂದಕ್ಕೆ ಸೇರಲಿಲ್ಲ. ಆಗ ಬಂದರಿನವರು, ಮುದ್ರಣದವರು ಎಲ್ಲ ಸೇರಿ ಸರಕು ಮುಟ್ಟುವುದಿಲ್ಲ ಅಂದರು. 1989ರಲ್ಲಿ ಕಂಪನಿ ಒಪ್ಪಿತು.

ಆಸ್ಟ್ರೇಲಿಯಾದಲ್ಲಿ ಬರ್ಗರ್ ಕಿಂಗ್ ಕಾಣಲಿಲ್ಲವಲ್ಲ?

ಕಂಡಿರುತ್ತೀರಿ. ಅಲ್ಲಿ ಅದರ ಹೆಸರು ಹಂಗ್ರಿ ಜಾಕ್ಸ್. ಬರ್ಗರ್ ಕಿಂಗ್ ಅನ್ನುವ ಹೆಸರನ್ನು ಅಲ್ಲಿ ಬೇರೆಯವರು ಮೊದಲೇ ನೋಂದಾಯಿಸಿಕೊಂಡಿದ್ದರು.

ಮಕ್ಕಳು ಬೇರೇನೂ ಮುಟ್ಟುವುದಿಲ್ಲ. ದಿನಾ ಅದೇ ಕೊಟ್ಟರೆ ಆರೋಗ್ಯ?

ಒಂದು ದೊಡ್ಡ ಬರ್ಗರ್, ಫ್ರೈಸ್, ಕೋಕ್ ಸೇರಿದರೆ ಸಾವಿರ ಕ್ಯಾಲರಿ ಆರಾಮಾಗಿ ದಾಟುತ್ತದೆ. ಅದೂ ನಾರು ಕಡಿಮೆ ಇರುವ ಊಟ. ಮೂರನೇ ದಿನಕ್ಕೆ ಹೊಟ್ಟೆ ಕಟ್ಟುತ್ತದೆ, ಪ್ರವಾಸದಲ್ಲಿ ಅದರಂಥ ಕಾಟ ಇನ್ನೊಂದಿಲ್ಲ. ನಮ್ಮ ಮನೆಯ ಒಪ್ಪಂದ ಹೀಗಿತ್ತು: ಹೊಸ ಊರಿಗೆ ಹೋದ ಮೊದಲ ರಾತ್ರಿ ಬರ್ಗರ್, ಬೆಳಗಾದರೆ ಆ ಊರಿನದ್ದೇ ಒಂದು ತಿಂಡಿ, ಆರಿಸುವುದು ಮಗಳು. ಬುಡಾಪೆಸ್ಟಿನಲ್ಲಿ ಅವಳು ಬೆರಳು ತೋರಿಸಿದ್ದು ಲಾಂಗೋಶ್‌ಗೆ. ಎಣ್ಣೆಯಲ್ಲಿ ಕರಿದ ದೊಡ್ಡ ಭಟೂರದಂಥದ್ದು, ಮೇಲೆ ಹುಳಿ ಕೆನೆ, ಚೀಸ್. ಎರಡು ತಿಂದಳು. ಆರೋಗ್ಯದ ಲೆಕ್ಕದಲ್ಲಿ ಬರ್ಗರೇ ವಾಸಿ ಇತ್ತೇನೋ.

ಚಟ್ನಿಪುಡಿ ತಗೊಂಡು ಹೋಗಬಹುದಾ?

ಹೊರಗಿನ ತಿಂಡಿ ತರಬಾರದು ಅಂತ ಕೆಲವು ಕಡೆ ಬೋರ್ಡು ಇರುತ್ತದೆ. ನಮ್ಮ ಅತ್ತೆಗೆ ಜರ್ಮನ್ ಓದಲು ಬರುವುದಿಲ್ಲ. ಫ್ರೈಸ್ ಮೇಲೆ ಚಟ್ನಿಪುಡಿ ಉದುರಿಸಿಕೊಂಡು, ಪಕ್ಕದ ಮೇಜಿನ ಹುಡುಗನಿಗೂ ಒಂದು ಚಿಟಿಕೆ ಹಾಕಿದರು. ಅವನು ಇನ್ನೊಂದು ಸಲ ಕೈ ಚಾಚಿದ.